ಒಂದೇ ಅತ್ತೆಯ ವಾರಗಿತ್ತಿಯರು

ಕ್ರಿಕೆಟ್ಟಿನ ಬಗ್ಗೆ ಒಂದು ಪ್ರಬಂಧ ಬರೆಯುತ್ತಿದ್ದೇನೆ ಎಂದಾಗ ನಮ್ಮ ಮನೆಯವರು ಪೇಪರಿನ ಹಿಂದಿನಿಂದಲೇ, "ಎಲ್ಲಿ, ಎಲ್‌ಬಿಡಬ್ಲ್ಯು ಅಂದ್ರೆ ಏನು ಹೇಳು ನೋಡೋಣ" ಎಂದರು. ಹೇಳಿದೆ. ಪೇಪರು ಎರಡು ಅಂಗುಲ ಕೆಳಗಿಳಿಯಿತು. ಗಂಡಸರು ಮರೆಯುವ ಒಂದು ಸಂಗತಿಯಿದೆ. ಅವರು ರೇಡಿಯೋಗೆ ಕಿವಿ ಹಚ್ಚಿ ಕೂರುತ್ತಿದ್ದ ಕಾಲದಿಂದಲೂ ಅದೇ ಹಜಾರದಲ್ಲಿ ಅವರೇಕಾಯಿ ಸುಲಿಯುತ್ತಾ ಕೂತಿದ್ದವರಿಗೂ ಎರಡೆರಡು ಕಿವಿಗಳಿದ್ದವು. ಆದರೂ ನಾನು ಬರೆಯಹೊರಟಿರುವುದು ಆಟದ ಬಗ್ಗೆ ಅಷ್ಟಾಗಿ ಅಲ್ಲ, ಆಟದಿಂದ ಅಂಟಿಕೊಂಡ ಒಂದು ವಿಚಿತ್ರ ನೆಂಟಸ್ತನದ ಬಗ್ಗೆ. ನಮ್ಮನ್ನು ಆಳಿದವರು ಬಿಟ್ಟುಹೋದ ಆಟದಿಂದಾಗಿ, ನಮ್ಮ ಹಾಗೆಯೇ ಆಳಿಸಿಕೊಂಡ ದೂರದೂರದ ಜನರ ಜೊತೆ ನಮಗೊಂದು ಸಂಬಂಧ ಉಳಿದುಬಿಟ್ಟಿದೆಯಲ್ಲ, ಅದು ಮಾನವಂತರ ಸಂಬಂಧವೋ ಅಥವಾ ಇನ್ನೂ ಮಾಯದ ದಾಸ್ಯದ ಗುರುತೋ?

ಈ ಪ್ರಶ್ನೆ ಎದ್ದದ್ದು ಜಯನಗರದ ನಮ್ಮ ಪಾರ್ಕಿನಲ್ಲಿ, ರಾಗಿಗುಡ್ಡದ ಕಡೆ ಮುಖ ಮಾಡಿದ ಬೆಂಚಿನ ಮೇಲೆ. 2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದಿನಲ್ಲಿ ಎಂದು 2025ರ ನವೆಂಬರಿನಲ್ಲಿ ತೀರ್ಮಾನವಾದಾಗ ನಮ್ಮ ವಾಕಿಂಗ್ ಗುಂಪಿನ ಒಬ್ಬರು, ನಿವೃತ್ತ ಟೀಚರು, ಕನ್ನಡಕ ಒರೆಸುತ್ತಾ ಹೇಳಿದರು: "ಸಂಪತ್ತೆಲ್ಲಾ ಅವರ ಮನೆಗೆ ಹೋಯ್ತು. ಕಾಮನ್ ಅಂತ ನಮಗೆ ಉಳಿದಿದ್ದು ಓಡೋದು, ಹಾರೋದು ಮಾತ್ರ. ಅದಕ್ಕೂ ನಾವೇ ಪೆಂಡಾಲ್ ಹಾಕಬೇಕಂತೆ." ಎಲ್ಲರೂ ನಕ್ಕೆವು. ನಕ್ಕ ಮೇಲೂ ಆ ಮಾತು ಮನಸ್ಸಿನಿಂದ ಹೋಗಲಿಲ್ಲ.

ಈ ಕೂಟದ ಹೆಸರಿನ ಚರಿತ್ರೆ ಸ್ವಾರಸ್ಯವಾಗಿದೆ. 1930ರಲ್ಲಿ ಕೆನಡಾದ ಹ್ಯಾಮಿಲ್ಟನ್ನಿನಲ್ಲಿ ಅದು ಶುರುವಾದಾಗ 'ಬ್ರಿಟಿಷ್ ಎಂಪೈರ್ ಗೇಮ್ಸ್'. 1934ರಲ್ಲಿ ಲಂಡನ್ನಿಗೆ ಹೋದ ನಮ್ಮವರು ಆಡಿದ್ದು ಆ ಹೆಸರಿನ ಕೆಳಗೇ. ಕುಸ್ತಿಯಲ್ಲಿ ರಶೀದ್ ಅನ್ವರ್‌ಗೆ ಕಂಚಿನ ಪದಕ ಬಂತು. 1954ರಲ್ಲಿ ಎಂಪೈರ್ ಜೊತೆಗೆ ಕಾಮನ್‌ವೆಲ್ತ್ ಸೇರಿತು. 1970ರಲ್ಲಿ ಎಂಪೈರ್ ಉದುರಿತು. 1978ರಲ್ಲಿ ಬ್ರಿಟಿಷ್ ಎಂಬುದೂ ಉದುರಿ ಬರೀ ಕಾಮನ್‌ವೆಲ್ತ್ ಉಳಿಯಿತು. ಹೀಗೆ ದೊರೆಯ ಹೆಸರು ಪೂರ್ತಿ ಕಳಚಿಬಿದ್ದ ಆ ವರ್ಷವೇ ಎಡ್ಮಂಟನ್ನಿನಲ್ಲಿ ಬ್ಯಾಡ್ಮಿಂಟನ್ ಸಿಂಗಲ್ಸ್ ಚಿನ್ನ ಗೆದ್ದವರು ನಮ್ಮ ಪ್ರಕಾಶ್ ಪಡುಕೋಣೆ. ಅವರು ಆಟ ಕಲಿತದ್ದು ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಹಾಲಿನಲ್ಲಿ. ಮದುವೆಗಳೂ ನಡೆಯುವ ಹಾಲು ಅದು. ಮದುವೆ ಇದ್ದ ದಿನ ಆಟವಿಲ್ಲ! ಇಂಗ್ಲಿಷರ ಆಟವೊಂದು ನಮ್ಮ ಧಾರೆ ಮಂಟಪದ ಜಾಗದಲ್ಲಿ ಬೆಳೆದ ಬಗೆ ನನಗೆ ಬಹಳ ಇಷ್ಟ.

ಆದರೆ ಟೀಚರ ಮಾತನ್ನು ಇಷ್ಟರಿಂದ ತಳ್ಳಿಹಾಕಲಾಗದು. ಅದೇ ಮಾತನ್ನು ಇನ್ನೂ ಖಾರವಾಗಿ ಆಡುತ್ತಿದ್ದವರು ನನ್ನ ಸೋದರಮಾವ. 1942ರಲ್ಲಿ ಕಾಲೇಜು ಬಿಟ್ಟು ಮೆರವಣಿಗೆಗೆ ಹೋಗಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಇದ್ದು ಬಂದವರು. ಈಗ ಫ್ರೀಡಂ ಪಾರ್ಕ್ ಆಗಿರುವುದು ಅದೇ ಜೈಲು. ಕೊನೆಯವರೆಗೂ ಖಾದಿ ಪಂಚೆ, ತಣ್ಣೀರು ಸ್ನಾನ. ನಮ್ಮಣ್ಣ ಟ್ರಾನ್ಸಿಸ್ಟರ್ ತಿರುಗಿಸಿದರೆ, "ದೊರೆಗಳ ಆಟ ಶುರುವಾಯ್ತೇನಪ್ಪಾ?" ಎಂದು ಎದ್ದುಹೋಗುತ್ತಿದ್ದರು. ಒಮ್ಮೆ ಅಣ್ಣ ಎದುರಾಡಿದ. ಆಟದಿಂದ ಎಷ್ಟು ದೇಶಗಳ ಜೊತೆ ಸ್ನೇಹ ಬೆಳೆದಿದೆ ಗೊತ್ತಾ ಮಾಮ, ಎಂದ. ಮಾವ ಹೇಳಿದರು: "ನನಗೂ ಜೈಲಲ್ಲಿ ಸ್ನೇಹಿತರು ಸಿಕ್ಕರು ಕಣೋ. ಅದಕ್ಕೆ ಜೈಲಿಗೆ ಹೋಗಿ ಥ್ಯಾಂಕ್ಸ್ ಹೇಳಿ ಬರಲೇನು?"

ಇದಕ್ಕಿಂತ ಗಟ್ಟಿಯಾದ ಪ್ರಶ್ನೆಯನ್ನು ನಾನು ಈ ವಿಷಯದಲ್ಲಿ ಕೇಳಿಲ್ಲ. ಸಾಮ್ರಾಜ್ಯವನ್ನು ಹೊಗಳುವವರು ಮಾಡುವ ತಪ್ಪು ಇದೇ ಅಲ್ಲವೇ? ರೈಲು ಕೊಟ್ಟರು, ಇಂಗ್ಲಿಷ್ ಕೊಟ್ಟರು, ಕ್ರಿಕೆಟ್ ಕೊಟ್ಟರು ಎಂದು ಪಟ್ಟಿ ಓದುತ್ತಾರೆ. ಜೈಲಿನ ಗೋಡೆ ಸ್ನೇಹ ಕಟ್ಟುವುದಿಲ್ಲ. ಗೋಡೆಯೊಳಗೆ ಸಿಕ್ಕಿಬಿದ್ದವರು ಕಟ್ಟಿಕೊಳ್ಳುತ್ತಾರೆ. ಆದರೆ ನಮ್ಮ ಮಾವನ ಇನ್ನೊಂದು ಮುಖವೂ ನನಗೆ ಗೊತ್ತು. ಅವರ ಜೈಲಿನ ಗೆಳೆಯರು ಶಿವಮೊಗ್ಗದಿಂದ, ಮೈಸೂರಿನಿಂದ ಬಂದರೆ ಆ ದಿನ ಮನೆಯಲ್ಲಿ ಹಬ್ಬ. ಹಳೆಯ ವಾರ್ಡನ್ನನನ್ನು ಬೈದುಕೊಂಡು, ಜೈಲಿನ ಮುದ್ದೆಯ ಗಟ್ಟಿತನ ನೆನೆದುಕೊಂಡು ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು. ಸ್ವಂತ ಅಣ್ಣತಮ್ಮಂದಿರ ಜೊತೆ ಮಾವ ಹಾಗೆ ನಕ್ಕಿದ್ದನ್ನು ನಾನು ನೋಡಿಲ್ಲ.

ಇದನ್ನು ಯೋಚಿಸುವಾಗ ನನಗೆ ನೆನಪಾಗುವುದು ನಮ್ಮ ಅಮ್ಮ ಮತ್ತು ಅವಳ ವಾರಗಿತ್ತಿಯರು. ಹೆಂಗಸರಿಗೆ ಈ ಸಂಬಂಧವನ್ನು ವಿವರಿಸಬೇಕಾಗಿಲ್ಲ. ಯಾವ್ಯಾವುದೋ ಊರಿನಲ್ಲಿ ಹುಟ್ಟಿದ ಮೂವರು ಹೆಣ್ಣುಮಕ್ಕಳು ಒಂದೇ ಮನೆಗೆ ಬರುತ್ತಾರೆ. ಒಬ್ಬರನ್ನೊಬ್ಬರು ಆರಿಸಿಕೊಂಡವರಲ್ಲ. ಅವರನ್ನು ಸೇರಿಸಿದ್ದು ಅತ್ತೆಯ ಹೊಸ್ತಿಲು. ನಮ್ಮ ಅಜ್ಜಿಯೋ ಉಗ್ರಾಣದ ಬೀಗದ ಕೈಯನ್ನು ಸೊಂಟದಿಂದ ಇಳಿಸಿದವರಲ್ಲ. ಕಾಫಿ ಬೀಜವನ್ನು ಲೋಟದಲ್ಲಿ ಅಳೆದು ಕೊಡುತ್ತಿದ್ದರು. ಒಬ್ಬ ಸೊಸೆಯ ಮುಂದೆ ಇನ್ನೊಬ್ಬಳನ್ನು ಹೊಗಳಿ ಇಬ್ಬರನ್ನೂ ದೂರ ಇಡುವ ವಿದ್ಯೆ ಅವರಿಗೆ ಚೆನ್ನಾಗಿ ಗೊತ್ತಿತ್ತು. (ಒಡೆದು ಆಳುವ ನೀತಿಯನ್ನು ಇಂಗ್ಲಿಷರು ಕಂಡುಹಿಡಿದರೆಂದು ಶಾಲೆಯ ಪುಸ್ತಕದಲ್ಲಿ ಓದಿದಾಗ ನನಗೆ ನಗು ಬಂದಿತ್ತು.) ಆದರೆ ಅಜ್ಜಿಗೆ ಚೌಕಾಬಾರದ ಹುಚ್ಚು. ಮಧ್ಯಾಹ್ನ ಆಡಲು ಜೊತೆ ಬೇಕಲ್ಲ, ಸೊಸೆಯರಿಗೆ ಕಲಿಸಿದರು. ಮೊದಮೊದಲು ಅಜ್ಜಿಯದೇ ಗೆಲುವು. ಬರಬರುತ್ತಾ ಸೊಸೆಯರು ಅತ್ತೆಯ ಕಾಯಿಯನ್ನು ಹೊಡೆಯಲು ಕಲಿತರು. ಅಜ್ಜಿ ಹೋದ ಮೇಲೆ ಮನೆ ಪಾಲಾಯಿತು. ಒಬ್ಬರು ಬನಶಂಕರಿಗೆ, ಒಬ್ಬರು ಜೆ.ಪಿ. ನಗರಕ್ಕೆ, ಅಮ್ಮ ಜಯನಗರಕ್ಕೆ. ಆದರೂ ತಿಂಗಳಿಗೊಮ್ಮೆ ಮೂವರೂ ಸೇರಿ ಅದೇ ಕವಡೆ ಹಾಕುತ್ತಿದ್ದರು. ಆಟದ ನಡುವೆ ಅತ್ತೆಯನ್ನು ಬೈಯುತ್ತಿದ್ದರು. ಅಪ್ಪನಿಗೆ ರಾತ್ರಿ ಎದೆನೋವು ಬಂದಾಗ ಆಸ್ಪತ್ರೆಯ ಬಾಗಿಲಿಗೆ ಮೊದಲು ಬಂದು ನಿಂತವರು ದೊಡ್ಡಮ್ಮ.

ಆ ಚೌಕಾಬಾರಕ್ಕಾಗಿ ಅಜ್ಜಿಗೆ ಕೃತಜ್ಞರಾಗಿರಿ ಎಂದು ಯಾರಾದರೂ ಹೇಳಿದ್ದರೆ ಮೂವರೂ ಮೂಗು ಮುರಿಯುತ್ತಿದ್ದರು. ಹಾಗೆಂದು ಕವಡೆಗಳನ್ನು ಹಿತ್ತಲಿಗೆ ಎಸೆಯಲೂ ಇಲ್ಲ. ಆಳಿದವರಿಗೂ ಆಳಿಸಿಕೊಂಡವರಿಗೂ ನಡುವೆ ಏನು ಉಳಿಯಿತು ಎಂಬುದನ್ನೇ ನಾವು ಯಾವಾಗಲೂ ಚರ್ಚಿಸುತ್ತೇವೆ. ಸೊಸೆ ಸೊಸೆಯರ ನಡುವೆ ಏನು ಉಳಿಯಿತು ಎಂದು ಕೇಳುವವರು ಕಡಿಮೆ. ನನಗೆ ಮುಖ್ಯವಾಗಿ ಕಾಣುವುದು ಇದು.

ಒಂದು ಉದಾಹರಣೆ ಹೇಳುತ್ತೇನೆ. 1962ರಲ್ಲಿ ನಮ್ಮ ತಂಡ ವೆಸ್ಟ್ ಇಂಡೀಸಿಗೆ ಹೋಗಿತ್ತು. ಬಾರ್ಬಡೋಸಿನಲ್ಲಿ ಚಾರ್ಲಿ ಗ್ರಿಫಿತ್ ಎಸೆದ ಚೆಂಡು ನಮ್ಮ ನಾಯಕ ನಾರಿ ಕಂಟ್ರಾಕ್ಟರ್ ತಲೆಗೆ ಬಡಿದು ಬುರುಡೆ ಬಿರುಕುಬಿಟ್ಟಿತು. ಆಗ ಹೆಲ್ಮೆಟ್ಟೂ ಇಲ್ಲ, ಏನೂ ಇಲ್ಲ. ಶಸ್ತ್ರಚಿಕಿತ್ಸೆಗೆ ರಕ್ತ ಬೇಕಾಯಿತು. ನಮ್ಮ ಆಟಗಾರರ ಜೊತೆ ರಕ್ತ ಕೊಡಲು ಮುಂದೆ ಬಂದವರು ಎದುರಾಳಿ ತಂಡದ ನಾಯಕ ಫ್ರಾಂಕ್ ವೊರೆಲ್. ವೊರೆಲ್ ಯಾರು? ಕಬ್ಬಿನ ತೋಟಗಳಿಗೆಂದು ಆಫ್ರಿಕಾದಿಂದ ಹಡಗಿನಲ್ಲಿ ತುಂಬಿ ತಂದ ಜನರ ಮೊಮ್ಮಕ್ಕಳ ಪೈಕಿ. ಕರಿಯನೊಬ್ಬ ಇಡೀ ಸರಣಿಗೆ ನಾಯಕನಾಗಬಹುದು ಎಂದು ವೆಸ್ಟ್ ಇಂಡೀಸಿನ ಕ್ರಿಕೆಟ್ ದೊಡ್ಡವರು ಒಪ್ಪಿದ್ದೇ 1960ರಲ್ಲಿ. ಅಂಥವನ ರಕ್ತ ಮುಂಬಯಿಯ ಪಾರ್ಸಿಯೊಬ್ಬನ ಮೈಯಲ್ಲಿ ಹರಿಯಿತು. ಕಂಟ್ರಾಕ್ಟರ್ ಬದುಕಿದರು. ವೊರೆಲ್ 1967ರಲ್ಲಿ, 42ನೇ ವಯಸ್ಸಿಗೇ, ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಬಂಗಾಳದ ಕ್ರಿಕೆಟ್ ಸಂಸ್ಥೆಯವರು 1981ರಿಂದ ಫೆಬ್ರುವರಿ 3ನ್ನು ವೊರೆಲ್ ದಿನವೆಂದು ರಕ್ತದಾನ ಮಾಡಿ ಆಚರಿಸುತ್ತಾರೆ. ಪಾರ್ಕಿನಲ್ಲಿ ಇದನ್ನು ಹೇಳಿದಾಗ ಟೀಚರು ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಇದರಲ್ಲಿ ಇಂಗ್ಲೆಂಡ್ ರಾಣಿ ಎಲ್ಲಿ ಬಂದಳು?" ಎಂದರು. ನಾನು ಹೇಳಬೇಕೆಂದಿದ್ದದ್ದೂ ಅದೇ.

ಇನ್ನೊಂದು ನಮ್ಮ ಮಗ್ಗುಲಿನದೇ. ಬಸವನಗುಡಿಯ ನ್ಯಾಷನಲ್ ಹೈಸ್ಕೂಲು 1917ರಲ್ಲಿ ಆನಿ ಬೆಸೆಂಟರ ಪ್ರೇರಣೆಯಿಂದ ಹುಟ್ಟಿದ್ದು. ಸರ್ಕಾರಿ ಗುಮಾಸ್ತರನ್ನು ತಯಾರಿಸುವುದಕ್ಕಲ್ಲ, ರಾಷ್ಟ್ರೀಯ ಶಿಕ್ಷಣ ಕೊಡುವುದಕ್ಕೆ. ಆ ಸಂಸ್ಥೆಯನ್ನು ಮುಂದೆ ನಡೆಸಿದ ಎಚ್. ನರಸಿಂಹಯ್ಯನವರು 42ರ ಚಳವಳಿಯಲ್ಲಿ ಜೈಲು ಕಂಡವರು. ಅಂಥ ಶಾಲೆಯಿಂದ ಬಂದ ಹುಡುಗ ಅನಿಲ್ ಕುಂಬ್ಳೆ. ಹೆಸರಿನಲ್ಲೇ ಕಾಸರಗೋಡಿನ ಊರನ್ನು ಹೊತ್ತವರು. 1996ರ ಜನವರಿ ಕೊನೆಯಲ್ಲಿ ಕೊಲಂಬೋದ ಸೆಂಟ್ರಲ್ ಬ್ಯಾಂಕಿನ ಮುಂದೆ ಬಾಂಬು ಸಿಡಿದು ಬಹಳ ಜನ ಸತ್ತರು. ವಿಶ್ವಕಪ್ಪಿಗೆ ಇನ್ನು ಎರಡು ವಾರ. ಆಸ್ಟ್ರೇಲಿಯಾ ಮತ್ತು ವೆಸ್ಟ್ ಇಂಡೀಸ್ ತಂಡಗಳು ಅಲ್ಲಿಗೆ ಬರುವುದಿಲ್ಲ ಎಂದವು. ಅವರ ಭಯವೂ ಸುಳ್ಳಲ್ಲ, ಬೈಯಲಾರೆ. ಆಗ ಭಾರತ, ಪಾಕಿಸ್ತಾನ ಎರಡೂ ಸೇರಿ ಒಂದೇ ತಂಡ ಮಾಡಿಕೊಂಡು ಫೆಬ್ರುವರಿ 13ರಂದು ಕೊಲಂಬೋಗೆ ಹೋಗಿ ಶ್ರೀಲಂಕಾದ ಜೊತೆ ಆಡಿದವು. ಅಜರುದ್ದೀನ್ ನಾಯಕ. ವಾಸೀಂ ಅಕ್ರಂ ಚೆಂಡಿಗೆ ತೆಂಡೂಲ್ಕರ್ ಕ್ಯಾಚು. ನಮ್ಮ ಕುಂಬ್ಳೆಗೆ ನಾಲ್ಕು ವಿಕೆಟ್. ಸೂತಕದ ಮನೆಗೆ ಜಗಳದ ವಾರಗಿತ್ತಿಯರಿಬ್ಬರು ಒಂದೇ ಆಟೋದಲ್ಲಿ ಬಂದಿಳಿದಂತೆ.

ಹಾಗೆಂದು ಇದನ್ನು ಸಕ್ಕರೆ ಪಾಕ ಮಾಡಿ ಬಡಿಸುವುದಿಲ್ಲ. ಅದಾದ ಇಪ್ಪತ್ತೈದು ದಿನಕ್ಕೆ, ಮಾರ್ಚ್ 9ರಂದು, ಅದೇ ಭಾರತ ಪಾಕಿಸ್ತಾನಗಳು ನಮ್ಮ ಚಿನ್ನಸ್ವಾಮಿ ಸ್ಟೇಡಿಯಮ್ಮಿನಲ್ಲಿ ಕಚ್ಚಾಡಿದವು. ಆ ದಿನ ಜಯನಗರ ಫೋರ್ತ್ ಬ್ಲಾಕಿನಲ್ಲಿ ಹೂವಿನವರು ಹೂವು ಕಟ್ಟುವುದು ಬಿಟ್ಟು ಟೀವಿ ಅಂಗಡಿ ಮುಂದೆ ನಿಂತಿದ್ದರು. ಆಮಿರ್ ಸೊಹೈಲ್ ಫೋರು ಹೊಡೆದು ಬ್ಯಾಟಿನಿಂದ ಬೌಂಡರಿ ತೋರಿಸಿದ್ದು, ಮರುಚೆಂಡಿಗೇ ವೆಂಕಟೇಶ್ ಪ್ರಸಾದ್ ವಿಕೆಟ್ ಕಿತ್ತು ಅವನಿಗೆ ಪೆವಿಲಿಯನ್ ದಾರಿ ತೋರಿಸಿದ್ದು ನಮ್ಮ ಬೀದಿಯ ಮಕ್ಕಳಿಗೆಲ್ಲ ಬಾಯಿಪಾಠ. ಕೊನೆಗೆ ಲಾಹೋರಿನಲ್ಲಿ ಕಪ್ಪು ಎತ್ತಿದ್ದು ಶ್ರೀಲಂಕಾ, ಅದೂ ತಮ್ಮೂರಿಗೆ ಬರಲೊಲ್ಲದ ಆಸ್ಟ್ರೇಲಿಯಾವನ್ನು ಸೋಲಿಸಿ.

ಮೆಲ್ಬರ್ನಿನಲ್ಲಿ ನನ್ನ ತಂಗಿಯ ಮಗಳ ಬಾಣಂತನಕ್ಕೆ ಹೋಗಿದ್ದಾಗ ಪಕ್ಕದ ಮನೆಯಲ್ಲಿದ್ದವಳು ಲಾಹೋರಿನ ಹೆಂಗಸು. ನಾನು ಬೆಂಗಳೂರಿನವಳು ಎಂದ ಕೂಡಲೇ ಅವಳ ಬಾಯಿಂದ ಬಂದ ಮೊದಲ ಮಾತು ಇನ್‌ಫೋಸಿಸ್ ಅಲ್ಲ, ಲಾಲ್‌ಬಾಗ್ ಅಲ್ಲ. "ಜಡೇಜಾ ನಮ್ಮ ವಕಾರನಿಗೆ ಹೊಡೆದನಲ್ಲ, ಅದೇ ಬ್ಯಾಂಗಲೋರ್?" ಎಂದಳು. ಮುಖದಲ್ಲಿ ಇನ್ನೂ ಹಳೆಯ ನೋವು! ಮರುದಿನ ಬಾಣಂತಿಗೆಂದು ಬಾದಾಮಿ ಹಾಕಿದ ಪಂಜೀರಿ ಕೊಟ್ಟಳು. ನಮ್ಮ ಅಂಟಿನುಂಡೆಯ ದೂರದ ತಂಗಿ ಅದು. ನಾನೂ ಡಬ್ಬಿ ಖಾಲಿ ಕಳಿಸಲಿಲ್ಲ.

ವಾರಗಿತ್ತಿಯರ ಸಂಬಂಧದ ಇನ್ನೊಂದು ಗುಣ, ಅವರಿಗೆ ಒಬ್ಬರನ್ನೊಬ್ಬರು ಕೇಳುವ ಹಕ್ಕಿರುತ್ತದೆ. "ಹೀಗೆ ಮಾಡಬಹುದಾ ನೀನು?" ಎಂದು ಪರಕೀಯರನ್ನು ಕೇಳಲಾಗುವುದಿಲ್ಲ. ಕೇಳಿದರೂ ಅವರಿಗೆ ತಾಕುವುದಿಲ್ಲ. ಕೇಳಬೇಕಾದರೆ ಇಬ್ಬರಿಗೂ ಒಂದೇ ಅಳತೆಗೋಲು ಇರಬೇಕು. ಇಂಗ್ಲಿಷರು ಕ್ರಿಕೆಟ್ಟಿನ ಜೊತೆ ಒಂದು ನೀತಿಯ ಭಾಷೆಯನ್ನೂ ಕಟ್ಟಿಕೊಂಡು ಬಂದಿದ್ದರು. 'ಇದು ಕ್ರಿಕೆಟ್ ಅಲ್ಲ' ಎಂದರೆ ಇದು ಧರ್ಮವಲ್ಲ ಎಂದರ್ಥ. ತಮಾಷೆಯೆಂದರೆ ಆ ಕೋಲು ಮೊದಲು ಬಿದ್ದದ್ದು ಅವರ ಬೆನ್ನಿಗೇ. 1933ರಲ್ಲಿ ಅಡಿಲೇಡಿನಲ್ಲಿ ಇಂಗ್ಲೆಂಡಿನವರು ಆಸ್ಟ್ರೇಲಿಯಾದ ಬ್ಯಾಟ್ಸ್‌ಮನ್ನರ ಮೈಗೆ ಗುರಿಯಿಟ್ಟು ಚೆಂಡೆಸೆದಾಗ, ಏಟು ತಿಂದ ನಾಯಕ ವುಡ್‌ಫುಲ್, ಅಲ್ಲಿ ಎರಡು ತಂಡಗಳಿವೆ, ಒಂದು ಮಾತ್ರ ಕ್ರಿಕೆಟ್ ಆಡಲು ನೋಡುತ್ತಿದೆ ಎಂದು ಇಂಗ್ಲೆಂಡಿನ ಮ್ಯಾನೇಜರಿಗೇ ಹೇಳಿದರು. 75 ವರ್ಷ ಕಳೆದು 2008ರ ಜನವರಿಯಲ್ಲಿ ಸಿಡ್ನಿಯಲ್ಲಿ ಅದೇ ಅರ್ಥದ ಮಾತನ್ನು ಆಸ್ಟ್ರೇಲಿಯಾಕ್ಕೆ ತಿರುಗಿಸಿ ಹೇಳಿದವರು ಭಾರತದ ನಾಯಕ ಕುಂಬ್ಳೆ: ಒಂದೇ ತಂಡ ಆಟದ ಧರ್ಮಕ್ಕೆ ತಕ್ಕಂತೆ ಆಡಿತು ಎಂದು. ದನಿ ಏರಿಸಲಿಲ್ಲ. ಬೇರೆ ದೇಶದವನ ಬಾಯಿಂದ ಬಂದ ಆ ಮಾತು ಆಸ್ಟ್ರೇಲಿಯಾದ ಜನಕ್ಕೇ ಚುರುಕು ಮುಟ್ಟಿಸಿತು. ಅಲ್ಲಿನ ಪತ್ರಿಕೆಗಳೇ ತಮ್ಮ ತಂಡವನ್ನು ತರಾಟೆಗೆ ತೆಗೆದುಕೊಂಡವು. ಮುಂದಿನ ಪಂದ್ಯಕ್ಕೆ ಮೊದಲು ಕುಂಬ್ಳೆ ಅವರ ಆಟಗಾರ ಬ್ರಾಡ್ ಹಾಗ್ ಮೇಲಿನ ದೂರನ್ನು ವಾಪಸು ತೆಗೆದುಕೊಂಡರು. ಪರ್ತಿನಲ್ಲಿ ಗೆದ್ದರು.

ಆದರೆ ಆ ಸಿಡ್ನಿ ಪಂದ್ಯದ ಉಳಿದರ್ಧವನ್ನು ನಾವು ಹೇಳಿಕೊಳ್ಳುವುದು ಕಡಿಮೆ. ಆಸ್ಟ್ರೇಲಿಯಾದ ಆಂಡ್ರ್ಯೂ ಸೈಮಂಡ್ಸ್ ಅವರನ್ನು ಹರಭಜನ್ ಸಿಂಗ್ 'ಮಂಗ' ಎಂದರೆಂಬುದು ಅಲ್ಲಿನ ದೂರು. ಅದು ರುಜುವಾತಾಗಲಿಲ್ಲ. ಮೇಲ್ಮನವಿಯಲ್ಲಿ ಶಿಕ್ಷೆ ಇಳಿಯಿತು. ಅದು ಹಾಗಿರಲಿ, ಅದಕ್ಕೆ ಮೂರು ತಿಂಗಳ ಮುಂಚೆ, 2007ರಲ್ಲಿ, ಬರೋಡದಲ್ಲಿ ಮತ್ತು ಮುಂಬಯಿಯಲ್ಲಿ ನಮ್ಮ ಪ್ರೇಕ್ಷಕರೇ ಅದೇ ಸೈಮಂಡ್ಸ್‌ಗೆ ಮಂಗನ ಹಾಗೆ ಅಣಕಿಸಿ ತೋರಿಸಿದ್ದು ಸುಳ್ಳಲ್ಲ. ಬಣ್ಣದ ಹೆಸರಿನಲ್ಲಿ ಇನ್ನೂರು ವರ್ಷ ಅವಮಾನ ಉಂಡವರ ಮಕ್ಕಳು ನಾವು! ಈಗ ಅಳತೆಗೋಲು ನಮ್ಮ ಬೆನ್ನಿಗೆ ಬಿತ್ತು. ಬೀಳಲೇಬೇಕಿತ್ತು. ಸ್ಟೇಡಿಯಮ್ಮಿಗೆ ಹೋಗದ ನಾವು ಇದರಿಂದ ದೂರ ಎಂದುಕೊಳ್ಳಬೇಡಿ. ವಧು ಬೇಕಾಗಿದ್ದಾಳೆ ಎಂಬ ಜಾಹೀರಾತಿನಲ್ಲಿ 'ಬೆಳ್ಳಗಿರುವ' ಎಂದು ಬರೆಸುವುದು ಯಾರು? ಮೊಮ್ಮಗು ಹುಟ್ಟಿತೆಂದು ಫೋನು ಬಂದರೆ ತೂಕಕ್ಕಿಂತ ಮೊದಲು ಬಣ್ಣ ಕೇಳುವುದು ಯಾರು? ಅತ್ತೆ ಹೋದರೂ ಅತ್ತೆಯ ಕಣ್ಣು ಸೊಸೆಯ ಮುಖದಲ್ಲಿ ಉಳಿದುಬಿಡುತ್ತದೆ. ಅಂದಹಾಗೆ 2011ರಲ್ಲಿ ಸೈಮಂಡ್ಸ್ ಮತ್ತು ಹರಭಜನ್ ಮುಂಬಯಿ ತಂಡದಲ್ಲಿ ಒಟ್ಟಿಗೆ ಆಡಿದರು, ರಾಜಿಯಾದರು. 2022ರಲ್ಲಿ ಸೈಮಂಡ್ಸ್ ಕಾರು ಅಪಘಾತದಲ್ಲಿ ತೀರಿಕೊಂಡರು.

ನೆಂಟಸ್ತನ ಎಂದರೆ ಬರೀ ಹೋಗಿಬರುವುದಲ್ಲ, ಹೋಗದಿರುವುದೂ ಅದರೊಳಗೇ ಇದೆ. ದಕ್ಷಿಣ ಆಫ್ರಿಕಾದ ಬಿಳಿಯರ ಸರ್ಕಾರ ಕರಿಯರನ್ನು ಬೇರೆಯಿಟ್ಟಿದ್ದಾಗ 1974ರಲ್ಲಿ ಭಾರತ ಡೇವಿಸ್ ಕಪ್ ಟೆನಿಸ್ ಫೈನಲಿಗೆ ಬಂದಿತ್ತು. ಎದುರಾಳಿ ದಕ್ಷಿಣ ಆಫ್ರಿಕಾ. ನಾವು ಆಡಲಿಲ್ಲ, ಕಪ್ಪು ಅವರ ಪಾಲಾಯಿತು. ಅಮೃತರಾಜ್ ಸಹೋದರರ ಕೈಗೆ ಬಂದಿದ್ದ ಅವಕಾಶ ಹೋಯಿತು. 1977ರಲ್ಲಿ ಗ್ಲೆನೀಗಲ್ಸ್‌ನಲ್ಲಿ ಕಾಮನ್‌ವೆಲ್ತ್ ದೇಶಗಳು ಆ ದೇಶದ ಜೊತೆ ಆಟದ ಸಂಬಂಧ ಬೇಡವೆಂದು ಒಪ್ಪಂದ ಮಾಡಿಕೊಂಡವು. ಇಂಗ್ಲೆಂಡ್ ಸರ್ಕಾರ ಆ ದೇಶದ ಮೇಲೆ ದಿಗ್ಬಂಧನ ಹಾಕಲು ಹಿಂಜರಿಯಿತೆಂದು 1986ರ ಎಡಿನ್‌ಬರೋ ಕ್ರೀಡಾಕೂಟಕ್ಕೆ 32 ದೇಶಗಳು ಹೋಗಲಿಲ್ಲ, ಭಾರತವೂ ಹೋಗಲಿಲ್ಲ. ಅತ್ತೆಯ ಮನೆಯ ಹಬ್ಬಕ್ಕೆ ಸೊಸೆಯರೆಲ್ಲ ಸೇರಿ ಬಾರದೆ ಉಳಿದರು. ನನ್ನ ಸೋದರಮಾವ ಆ ಸುದ್ದಿಯನ್ನು ಪೇಪರಿನಿಂದ ಕತ್ತರಿಸಿ ಇಟ್ಟುಕೊಂಡಿದ್ದರು. ಅವರ ಪೆಟ್ಟಿಗೆಯಲ್ಲಿ ಸಿಕ್ಕ ಆಟದ ಸುದ್ದಿಯ ತುಂಡು ಅದೊಂದೇ. ಇಲ್ಲ, ಇನ್ನೊಂದಿತ್ತು: 1971ರ ಆಗಸ್ಟ್ 24, ಗಣೇಶನ ಹಬ್ಬದ ದಿನ, ಲಂಡನ್ನಿನ ಓವಲ್ ಮೈದಾನದಲ್ಲಿ ಇಂಗ್ಲೆಂಡನ್ನು ಸೋಲಿಸಿದ್ದು. ಪೋಲಿಯೋದಿಂದ ಸೊರಗಿದ ಕೈಯಿಂದಲೇ ಆರು ವಿಕೆಟ್ ತೆಗೆದ ನಮ್ಮ ಚಂದ್ರಶೇಖರ್ ಪಟ. ಹಬ್ಬಕ್ಕೆಂದು ಅಲ್ಲಿನ ಮೃಗಾಲಯದಿಂದ ಒಂದು ಆನೆಯನ್ನು ಮೈದಾನಕ್ಕೆ ಕರೆತಂದಿದ್ದರಂತೆ ಎಂದು ಅಣ್ಣ ಹೇಳಿದಾಗ ಮಾವ ನಕ್ಕಿದ್ದರು.

ಈ ಹಿನ್ನೆಲೆಯಲ್ಲೇ 2025ರ ಕೈಕುಲುಕುವ ಗಲಾಟೆ ನನ್ನನ್ನು ಕಾಡುತ್ತದೆ. ಆ ಏಪ್ರಿಲಿನಲ್ಲಿ ಪಹಲ್ಗಾಮಿನಲ್ಲಿ 26 ಜನರನ್ನು ಕೊಂದರು. ಹೆಂಡತಿಯರ ಕಣ್ಣೆದುರೇ ಗಂಡಂದಿರನ್ನು ಕೊಂದರು. ಆ ಹೆಣ್ಣುಮಕ್ಕಳ ಮುಖ ನೋಡಿದ ಯಾರಿಗೂ ಆಟ ಬೇಕೆನಿಸುವುದಿಲ್ಲ. ಸೆಪ್ಟೆಂಬರಿನಲ್ಲಿ ದುಬೈಯಲ್ಲಿ ನಮ್ಮವರು ಪಾಕಿಸ್ತಾನದ ಜೊತೆ ಆಡಿದರು, ಕೈ ಕುಲುಕಲಿಲ್ಲ. ಅಕ್ಟೋಬರಿನಲ್ಲಿ ಕೊಲಂಬೋದಲ್ಲಿ ನಮ್ಮ ಹೆಣ್ಣುಮಕ್ಕಳೂ ಹಾಗೆಯೇ ಮಾಡಿದರು. ಸರಿ ಎನ್ನುವವರು ನಮ್ಮ ಮನೆಯಲ್ಲೇ ಇದ್ದಾರೆ. ನನಗೆ ಒಪ್ಪಿಗೆಯಾಗಲಿಲ್ಲ. ಆಡುವುದೇ ಇಲ್ಲ ಎಂದಿದ್ದರೆ ಅದಕ್ಕೊಂದು ತೂಕವಿತ್ತು. 1974ರಲ್ಲಿ ಕಪ್ಪನ್ನೇ ಬಿಟ್ಟುಕೊಟ್ಟು ಆ ಮಾತು ಹೇಳಿದ್ದೆವು. ಆಟವಾಡಿ, ಟಿಕೆಟ್ ಮಾರಿ, ಜಾಹೀರಾತಿನ ದುಡ್ಡು ಎಣಿಸಿಕೊಂಡು, ಕೊನೆಯಲ್ಲಿ ಕೈ ಮಾತ್ರ ಕೊಡುವುದಿಲ್ಲ ಎಂದರೆ ಅದು ಮದುವೆಗೆ ಬಂದು ಹೋಳಿಗೆ ಊಟ ಮಾಡಿ, ಹೊರಡುವಾಗ ಕುಂಕುಮ ಬೇಡ ಎಂದಂತೆ. ನಷ್ಟವಿಲ್ಲದ ವ್ರತ. ಅದರ ಬಿಸಿ ತಾಕುವುದು ಕೊಂದವರಿಗಲ್ಲ, ಎದುರು ನಿಂತ ಇಪ್ಪತ್ತು ವರ್ಷದ ಹುಡುಗಿಗೆ. ನೀವು ಒಪ್ಪದಿರಬಹುದು. ನಮ್ಮ ಪಾರ್ಕಿನಲ್ಲಿ ಅರ್ಧ ಜನ ಒಪ್ಪಲಿಲ್ಲ.

ಹೆಣ್ಣುಮಕ್ಕಳ ಮಾತು ಬಂತು. ಚಿನ್ನಸ್ವಾಮಿ ಸ್ಟೇಡಿಯಮ್ಮಿನಲ್ಲಿ ಮೊದಲ ಟೆಸ್ಟ್ ನಡೆದದ್ದು 1974ರ ನವೆಂಬರಿನಲ್ಲಿ, ವೆಸ್ಟ್ ಇಂಡೀಸ್ ಜೊತೆ. ವಿವ್ ರಿಚರ್ಡ್ಸ್ ಮತ್ತು ಗ್ರೀನಿಜ್ ಟೆಸ್ಟಿಗೆ ಕಾಲಿಟ್ಟದ್ದು ಇಲ್ಲಿಯೇ ಎಂದು ನಮ್ಮ ಮನೆಯ ಗಂಡಸರು ನಿದ್ದೆಯಲ್ಲೂ ಹೇಳುತ್ತಾರೆ. ಅದಾಗಿ ಎರಡು ವರ್ಷಕ್ಕೆ, 1976ರ ಅಕ್ಟೋಬರ್ 31ರಿಂದ, ಅದೇ ಮೈದಾನದಲ್ಲಿ ಅದೇ ವೆಸ್ಟ್ ಇಂಡೀಸಿನ ಹೆಂಗಸರ ಜೊತೆ ಭಾರತದ ಹೆಂಗಸರು ತಮ್ಮ ಮೊಟ್ಟಮೊದಲ ಟೆಸ್ಟ್ ಆಡಿದರು. ನಾಯಕಿ ನಮ್ಮೂರಿನವರೇ, ಶಾಂತಾ ರಂಗಸ್ವಾಮಿ. ಇದನ್ನು ಯಾವ ಗಂಡಸೂ ನಿದ್ದೆಯಲ್ಲಿರಲಿ, ಎಚ್ಚರವಿದ್ದಾಗಲೂ ಹೇಳಿದ್ದು ನಾನು ಕೇಳಿಲ್ಲ. ಆ ಅಕ್ಟೋಬರಿನಲ್ಲಿ ನಾನು ಹದಿನೆಂಟು ವರ್ಷದ ಕಾಲೇಜು ಹುಡುಗಿ. ಬಸ್ಸು ಹತ್ತಿದರೆ ಅರ್ಧ ಗಂಟೆಯ ದಾರಿ. ಮನೆಯಲ್ಲಿ ಒಬ್ಬರೂ ಆ ಮಾತೆತ್ತಲಿಲ್ಲ.

ಆ ಕಾಲದ ಆಟಗಾರ್ತಿಯರು ರಿಸರ್ವೇಶನ್ ಇಲ್ಲದ ರೈಲು ಡಬ್ಬಿಗಳಲ್ಲಿ ಹೋಗಿ, ಡಾರ್ಮಿಟರಿಗಳ ನೆಲದ ಮೇಲೆ ಮಲಗಿ ಆಡಿದವರು. ಮೊದಲ ಪಂದ್ಯ ಡ್ರಾ ಆಯಿತು. ಅದೇ ಸರಣಿಯಲ್ಲಿ ನವೆಂಬರಿನಲ್ಲಿ ಪಾಟ್ನಾದಲ್ಲಿ ಗೆದ್ದರು. ಮರುವರ್ಷ ಜನವರಿಯಲ್ಲಿ ನ್ಯೂಜಿಲೆಂಡಿನ ಡುನೆಡಿನ್ನಿನಲ್ಲಿ ಶಾಂತಾ ಅವರು 108 ರನ್ ಹೊಡೆದರು. ಟೆಸ್ಟಿನಲ್ಲಿ ಭಾರತದ ಹೆಣ್ಣೊಬ್ಬಳ ಮೊದಲ ನೂರು ಅದು. ಹೆಂಗಸರ ವಿಶ್ವಕಪ್ ನಡೆದದ್ದೇ 1973ರಲ್ಲಿ, ಗಂಡಸರದಕ್ಕಿಂತ ಎರಡು ವರ್ಷ ಮೊದಲು. ಆದರೂ ನಮ್ಮ ಕ್ರಿಕೆಟ್ ಮಂಡಳಿ ಹೆಂಗಸರ ಆಟವನ್ನು ತನ್ನ ಮನೆಯೊಳಗೆ ಸೇರಿಸಿಕೊಂಡದ್ದು 2006ರಲ್ಲಿ, ಪಂದ್ಯದ ಸಂಭಾವನೆ ಸಮ ಮಾಡಿದ್ದು 2022ರಲ್ಲಿ. ಇಂಗ್ಲಿಷರ ಕ್ಲಬ್ಬುಗಳ ಬಾಗಿಲಲ್ಲಿ ನಮ್ಮ ಗಂಡಸರನ್ನು ತಡೆದು ನಿಲ್ಲಿಸಿದ ಕತೆಗಳನ್ನು ಎಷ್ಟೋ ಕೇಳಿದ್ದೇವೆ. ಮನೆಯ ಹೆಣ್ಣುಮಕ್ಕಳು ಯಾರ ಬಾಗಿಲಲ್ಲಿ ನಿಂತಿದ್ದರು ಎಂಬುದನ್ನು ಆ ಕತೆ ಹೇಳಿದವರು ಯೋಚಿಸಿದ್ದರೋ ಏನೋ. ಈ ಅಳತೆಗೋಲು ಯಾರ ಮನೆಯ ಅಟ್ಟದಿಂದ ಬಂದದ್ದಾದರೂ ಆಗಲಿ, ನನಗದು ಬೇಕು.

2025ರ ವಿಶ್ವಕಪ್ಪಿನ ಪಂದ್ಯಗಳು ನಮ್ಮ ಚಿನ್ನಸ್ವಾಮಿಯಲ್ಲೂ ನಡೆಯಬೇಕಿತ್ತು. ಜೂನ್ 4ರಂದು ಆ ಸ್ಟೇಡಿಯಮ್ಮಿನ ಗೇಟುಗಳಲ್ಲಿ ನೂಕುನುಗ್ಗಲಿಗೆ ಸಿಕ್ಕಿ 11 ಜನ ಸತ್ತ ಮೇಲೆ ಅವು ನವಿ ಮುಂಬಯಿಗೆ ಹೋದವು. ನವೆಂಬರ್ 2ರ ಫೈನಲಿಗೆ ಎದುರು ಬಂದದ್ದು ದಕ್ಷಿಣ ಆಫ್ರಿಕಾ, 1974ರಲ್ಲಿ ನಾವು ಆಡಲೊಪ್ಪದ ಆ ದೇಶ. ಈಗ ಕರಿಯ ಬಿಳಿಯ ಹುಡುಗಿಯರು ಒಂದೇ ಜೆರ್ಸಿಯಲ್ಲಿ. ಬೀದಿಯ ಹೆಂಗಸರು ಎಂಟು ಜನ ನಮ್ಮ ಹಜಾರದಲ್ಲಿ ಸೇರಿದ್ದೆವು. ನಮ್ಮ ಮನೆಯವರು ಎರಡು ಸಲ ಕಾಫಿ ಮಾಡಿದರು, ಎರಡನೆಯದು ಪರವಾಗಿರಲಿಲ್ಲ. ವೊಲ್ವಾರ್ಟ್ ಎಂಬ ಅವರ ನಾಯಕಿ ನೂರು ದಾಟಿದಾಗ ಟೀಚರು, "ಪಾಪ, ಒಬ್ಬಳೇ ಎಳೀತಿದಾಳೆ" ಎಂದು ಚಪ್ಪಾಳೆ ತಟ್ಟಿದರು. ಯಾರೋ ಸಿಡುಕಿದರು. 52 ರನ್ನಿನಿಂದ ಗೆದ್ದೆವು. ಗಂಟೆ ಹನ್ನೆರಡು ದಾಟಿತ್ತು. ಕಪ್ಪು ಕೈಗೆ ಬಂದ ಮೇಲೆ ಹುಡುಗಿಯರು ಅದನ್ನು ಒಯ್ದು, ಆಟ ಬಿಟ್ಟ ಮಿಥಾಲಿ ರಾಜ್ ಕೈಗೂ ಝೂಲನ್ ಗೋಸ್ವಾಮಿ ಕೈಗೂ ಕೊಟ್ಟರು. ಆ ಇಬ್ಬರೂ ಅತ್ತರು. ನಮ್ಮ ಹಜಾರದಲ್ಲಿ ಯಾರೂ ಮಾತಾಡಲಿಲ್ಲ. ಟೀಚರು ಚಪ್ಪಲಿ ಹಾಕಿಕೊಳ್ಳುತ್ತಾ, ಶಾಂತಾ ರಂಗಸ್ವಾಮಿ ಅವರು ಇದನ್ನು ಎಲ್ಲಿ ಕೂತು ನೋಡಿದರೋ ಎಂದರು.